ಜಲವರ್ಣದಲ್ಲಿ ಬದನೆಕಾಯಿ: ದುಂಡಗೆ ಕಾಣಿಸುವ ಕ್ರಮ

ದುಂಡಗಿನ ವಸ್ತು ಚಿತ್ರದಲ್ಲಿ ಚಪ್ಪಟೆಯಾಗಿ ಕಂಡರೆ ತಪ್ಪು ಸಾಮಾನ್ಯವಾಗಿ ಬಣ್ಣದ್ದಲ್ಲ, ನೆರಳು ಕೂತ ಜಾಗದ್ದು. ಇದನ್ನು ಕಲಿಯಲು ನೇರಳೆ ಬದನೆಕಾಯಿ ಬಹಳ ಒಳ್ಳೆಯದು. ಅದರ ನುಣುಪು ಸಿಪ್ಪೆಯ ಮೇಲೆ ಬೆಳಕಿನ ಆಟವೆಲ್ಲ ಸ್ಪಷ್ಟವಾಗಿ ಕಾಣುತ್ತದೆ.

ಕಾಯಿಯನ್ನು ಬಿಳಿ ಹಾಳೆಯ ಮೇಲಿಟ್ಟು, ಎಡಗಡೆ ತುಸು ಎತ್ತರದಲ್ಲಿ ಒಂದೇ ದೀಪ ಇಡಿ. ಎರಡಿದ್ದರೆ ನೆರಳೂ ಎರಡಾಗಿ ಆಕಾರ ಕೆಡುತ್ತದೆ. ಕಣ್ಣು ಅರೆಮುಚ್ಚಿ ನೋಡಿ: ಅತಿ ಗಾಢವಾದ ಪಟ್ಟಿ ಬಲ ಅಂಚಿನಲ್ಲಿಲ್ಲ, ಅದಕ್ಕಿಂತ ಸ್ವಲ್ಪ ಒಳಗಿದೆ. ಅಂಚಿಗೆ ಹಾಳೆಯಿಂದ ಪುಟಿದ ಬೆಳಕು ಮಂಕಾಗಿ ತಾಗಿರುತ್ತದೆ. ದುಂಡುತನವೆಲ್ಲ ಆ ಸಣ್ಣ ಅಂತರದಲ್ಲಿದೆ. ಸುತ್ತಲೂ ಕಪ್ಪು ಗೆರೆ ಎಳೆದರೆ ಅದು ಸತ್ತಂತೆಯೇ.

300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕೋಲ್ಡ್ ಪ್ರೆಸ್ ಕಾಗದ, ಅಂದರೆ ಮೈ ತುಸು ತರಿಯಾಗಿರುವ ಕಾಗದ, 8 ಮತ್ತು 4ನೇ ನಂಬರಿನ ರೌಂಡ್ (ದುಂಡು ತುದಿಯ) ಬ್ರಷ್ ಸಾಕು. ತೆಳು ಕಾಗದ ನೀರಿಗೆ ಉಬ್ಬಿ, ಬಣ್ಣ ತಗ್ಗಿನಲ್ಲಿ ನಿಂತುಬಿಡುತ್ತದೆ. ಹೊಳಪಿನ ಚುಕ್ಕೆಯ ಆಕಾರವನ್ನೂ ಪೆನ್ಸಿಲಿನಲ್ಲಿ ತೆಳುವಾಗಿ ಗುರುತಿಸಿಕೊಳ್ಳಿ. ಅಲ್ಲಿ ಕಾಗದವೇ ಬಿಳಿ, ಕೊನೆಯವರೆಗೂ ಒಣಗಿಯೇ ಇರಬೇಕು.

ಕಾಯಿಯ ಉಳಿದ ಭಾಗಕ್ಕೆ ಶುದ್ಧ ನೀರು ಸವರಿ. ಅಲ್ಟ್ರಾಮರೀನ್ ನೀಲಿ, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು) ಬೆರೆಸಿದ ತೆಳು ನೇರಳೆ ಹಾಕಿ. ಈಗ ಕಾಗದವನ್ನು ಓರೆಯಾಗಿ ನೋಡುತ್ತಿರಿ. ನೀರಿನ ಮಿನುಗು ಇಳಿದು ಮೈ ಬರೀ ತೇವವಾಗಿ ಕಂಡಾಗ, ಅದೇ ಮಿಶ್ರಣವನ್ನು ಕಡಿಮೆ ನೀರಿನಲ್ಲಿ ದಪ್ಪಗೆ ಮಾಡಿ ಗಾಢ ಪಟ್ಟಿಯ ಜಾಗಕ್ಕೆ ಇಳಿಸಿ. ಅಂಚು ತಾನೇ ಮೃದುವಾಗಿ ಹರಡುತ್ತದೆ. ಬೇಗ ಹಾಕಿದರೆ ಬಣ್ಣ ಕಾಯಿಯಿಡೀ ಓಡುತ್ತದೆ. ತಡವಾಗಿ, ಅದೂ ನೀರು ಹೆಚ್ಚಿದ ಬ್ರಷ್ ತಾಗಿದರೆ ಹೂಕೋಸಿನಂಥ ಕಲೆ ಮೂಡುತ್ತದೆ. ಅದನ್ನು ಉಜ್ಜಲು ಹೋಗಬೇಡಿ. ಅರೆ ಒಣಗಿದ ಪದರ ಎದ್ದು ರಾಡಿಯಾಗುತ್ತದೆ. ಪುಟಿದ ಬೆಳಕು ಕಾಣಿಸಲು ಬಲ ಅಂಚಿನಲ್ಲಿ, ಹಿಂಡಿದ ಬ್ರಷ್ಷಿನಿಂದ ಒಂದೇ ಎಳೆತಕ್ಕೆ ಸ್ವಲ್ಪ ಬಣ್ಣ ಎತ್ತಿ.

ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಹಾಗಾಗಿ ಎರಡನೆಯ ಪದರ ಬೇಕೇ ಬೇಕು. ಬೆರಳ ಹಿಂಬದಿ ತಾಗಿಸಿದಾಗ ಕಾಗದ ತಣ್ಣಗಿದ್ದರೆ ಒಳಗೆ ತೇವವಿದೆ, ಇನ್ನೂ ಕಾಯಿರಿ.

ನೆಲದ ನೆರಳಿಗೆ ಕಪ್ಪು ಬಣ್ಣ ಬೇಡ. ಅಲ್ಟ್ರಾಮರೀನ್ ಜೊತೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಬೆರೆಸಿದರೆ ಜೀವವಿರುವ ಬೂದು ಸಿಗುತ್ತದೆ. ಕಾಯಿ ಹಾಳೆಗೆ ತಾಗಿದಲ್ಲಿ ನೆರಳು ತೆಳ್ಳಗೆ, ಅತಿ ಗಾಢ, ಚೂಪು. ದೂರ ಹೋದಂತೆ ತಿಳಿ, ಮಸುಕು. ತಾಗಿದ ಜಾಗ ಗಾಢವಾಗದಿದ್ದರೆ ಕಾಯಿ ಗಾಳಿಯಲ್ಲಿ ತೇಲುತ್ತದೆ. ಹಸಿರು ತೊಟ್ಟು ಕೊನೆಗಿರಲಿ. ಅದರ ಎಸಳುಗಳು ಸಿಪ್ಪೆಯ ಮೇಲೆ ಬೀರುವ ಕಿರುನೆರಳನ್ನು ನೇರ ಗೆರೆಯಾಗಿಸದೆ, ಕಾಯಿಯ ಉಬ್ಬಿಗೆ ತಕ್ಕಂತೆ ಬಾಗಿಸಿ.