ಮೂಲ ಮನೆಯಲ್ಲೇ ಇರಲಿ: ಕೊಡಗಿನ ದಾಖಲೆಗಳನ್ನು ಉಳಿಸಿಕೊಳ್ಳುವ ನಮ್ಮ ಕೆಲಸ

ಮಡಿಕೇರಿ ಸುತ್ತಮುತ್ತಲಿನ ನಿವೃತ್ತ ಶಿಕ್ಷಕರು, ಕಾಫಿ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿ ನಡೆಸುತ್ತಿರುವ ನಮ್ಮ ಇತಿಹಾಸ ಬಳಗವು ಆರಂಭದಿಂದಲೂ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿಕೊಂಡು ಬಂದಿದೆ. ಯಾವ ಮನೆಯಿಂದಲೂ ಮೂಲ ಕಾಗದವನ್ನಾಗಲಿ, ಫೋಟೋವನ್ನಾಗಲಿ, ಆಯುಧವನ್ನಾಗಲಿ ನಾವು ಹೊರಗೆ ಒಯ್ಯುವುದಿಲ್ಲ. ಪ್ರತಿಯನ್ನೂ ಅದರ ಹಿಂದಿನ ಮಾಹಿತಿಯನ್ನೂ ಮಾತ್ರ ಪಡೆಯುತ್ತೇವೆ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದ ಜಮ್ಮಾ ಸನದು, ಅಂದರೆ ವಂಶಪಾರಂಪರ್ಯದ ಭೂಮಿಯ ಹಕ್ಕುಪತ್ರ, ಒಂದು ಒಕ್ಕದ (ಕೊಡವ ಮನೆತನದ) ಐನ್‌ಮನೆಯ (ಮೂಲಮನೆಯ) ಪೆಟ್ಟಿಗೆಯಲ್ಲಿದ್ದರೆ, ಅದು ಯಾರಿಗೆ, ಯಾವ ಗದ್ದೆಗೆ ಸಿಕ್ಕಿತು ಎಂದು ಹೇಳಬಲ್ಲವರು ಅದೇ ಮನೆಯಲ್ಲಿರುತ್ತಾರೆ. ಹಿಂದೊಮ್ಮೆ ಸಂಶೋಧನೆಗೆಂದು ಯಾರೋ ಒಯ್ದ ಸನದು ಮರಳಿ ಬಾರದೆ ನೊಂದ ಒಂದು ಹಿರಿಯ ಕುಟುಂಬ ನಮ್ಮನ್ನು ಬಹಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ನಿಯಮವನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಪೆಟ್ಟಿಗೆಯ ಬೀಗ ತೆಗೆದರು.

ಮೂಲವು ಮನೆಯಲ್ಲೇ ಇದ್ದರೆ ಮನೆಯ ಜೊತೆಗೇ ಹೋಗಿಬಿಡುವ ಅಪಾಯವಿಲ್ಲವೇ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಮೊದಲಾದೆಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಬೇಕಾಯಿತು. ಕಪಾಟಿನಲ್ಲಿದ್ದ ಆಲ್ಬಮ್‌ಗಳ ಗತಿ ಕೇಳುವಂತಿರಲಿಲ್ಲ. ಆದ್ದರಿಂದಲೇ ನಾವು ತೆಗೆದ ಪ್ರತಿ ಚಿತ್ರದ ಒಂದು ಪ್ರತಿಯನ್ನು ಮನೆಯವರಿಗೆ, ಇನ್ನೊಂದನ್ನು ಬೇರೆ ಊರಿನಲ್ಲಿರುವ ಅವರದೇ ಬಂಧುಗಳಿಗೆ ಕೊಟ್ಟು, ಮೂರನೆಯದನ್ನು ಬಳಗದಲ್ಲಿ ಇಟ್ಟುಕೊಳ್ಳುತ್ತೇವೆ. ನೀರು ನುಗ್ಗಿದ ಆಲ್ಬಮ್ ಕೈಗೆ ಸಿಕ್ಕರೆ ಅಂಟಿಕೊಂಡ ಫೋಟೋಗಳನ್ನು ಎಳೆದು ಬಿಡಿಸಬಾರದು. ತಣ್ಣನೆಯ ಶುದ್ಧ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟರೆ ಹೆಚ್ಚಿನವು ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಬಳಿಕ ಚಿತ್ರದ ಮುಖ ಮೇಲಾಗಿ, ನೆರಳಿನಲ್ಲಿ, ಬಿಳಿ ಬಟ್ಟೆಯ ಮೇಲೆ ಒಣಗಿಸಬೇಕು.

ನಮ್ಮ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹಳೆಯ ಫೋಟೋಗಳಲ್ಲಿರುವವರ ಹೆಸರು ಗುರುತಿಸುವ ಕೂಟ. ಇದಕ್ಕೆ ದಿನ ಆಯ್ದುಕೊಳ್ಳುವುದೇ ಒಂದು ವಿದ್ಯೆ. ಮಳೆಗಾಲದಲ್ಲಿ ಜನರಿಗೆ ಬಿಡುವಿದ್ದರೂ ಆ ತೇವದಲ್ಲಿ ಕಾಗದ ಹೊರತೆಗೆಯಬಾರದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಗಾಳಿ ಒಣಗಿದ್ದರೂ ಯಾರಿಗೂ ಪುರಸೊತ್ತಿಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಗೆ ಬೆಂಗಳೂರು, ಮೈಸೂರುಗಳಲ್ಲಿರುವ ಮಕ್ಕಳು ಮೊಮ್ಮಕ್ಕಳೆಲ್ಲ ಐನ್‌ಮನೆಗೆ ಬಂದಿರುವುದರಿಂದ ಹಬ್ಬದ ಮರುದಿನವೇ ನಮಗೆ ಒಗ್ಗಿದೆ. ಒಡಿಕತ್ತಿ, ಪೀಚೆಕತ್ತಿ, ಕೋವಿಗಳ ಚಿತ್ರ ತೆಗೆಯಲು ಮಾತ್ರ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ಹೋಗುತ್ತೇವೆ. ಅಂದು ಅವುಗಳನ್ನು ಹೇಗೂ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಪೂಜೆಗೆ ಇಟ್ಟಿರುತ್ತಾರೆ.

ಕೂಟಕ್ಕೆ ಮೂಲ ಫೋಟೋ ಬೇಕಿಲ್ಲ. ಅದರ ದೊಡ್ಡ ಮುದ್ರಿತ ಪ್ರತಿಯಲ್ಲಿ ಪ್ರತಿಯೊಂದು ತಲೆಗೂ ಒಂದೊಂದು ಅಂಕೆ ಬರೆದು, ಅದನ್ನು ಕೈಯ್ಯಾಲೆಯ (ಜಗುಲಿಯ) ಬೆಳಕಿನಲ್ಲಿ ಹಿರಿಯರ ಮುಂದೆ ಹರಡುತ್ತೇವೆ. ಎರಡನೆಯ ಮಹಾಯುದ್ಧದ ಕಾಲದ ಒಂದು ಚಿತ್ರದಲ್ಲಿ ಸಮವಸ್ತ್ರ ತೊಟ್ಟ ಯುವಕರು ಎರಡು ಸಾಲಾಗಿ ನಿಂತಿದ್ದರು. ಹಿಂಬದಿಯಲ್ಲಿ ಒಂದಕ್ಷರವೂ ಇರಲಿಲ್ಲ. ಜಗುಲಿಯ ಮರದ ಆಸನವಾದ ಐಮರದ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಮುಖಗಳನ್ನು ಬಿಟ್ಟು ನಿಂತ ಭಂಗಿಯನ್ನು ನೋಡಿ, ಎಡ ಭುಜ ತಗ್ಗಿಸಿ ನಿಂತವನು ತನ್ನ ಚಿಕ್ಕಪ್ಪನೆಂದರು. ಅಲ್ಲಿಂದ ಮುಂದೆ ಅವನ ಪಕ್ಕದವನು, ಅವನ ಭಾವ, ನೆರೆಮನೆಯವನು ಎಂದು ಒಂದು ಸಾಲು ಪೂರ್ತಿ ತೆರೆದುಕೊಂಡಿತು. ಬರೆದುಕೊಳ್ಳುವಾಗ ಬರಿಯ ಹೆಸರು ಸಾಲದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಒಂದೇ ಹೆಸರಿನವರು ಮೂರು ತಲೆಮಾರಿನಲ್ಲಿ ಸಿಗುತ್ತಾರಾದ್ದರಿಂದ ತಂದೆಯ ಹೆಸರನ್ನೂ ಹುಟ್ಟಿದ ಅಂದಾಜು ವರ್ಷವನ್ನೂ ಕೇಳಲೇಬೇಕು. ಹೆಂಗಸರ ವಿಷಯದಲ್ಲಿ ನಾನು ಇನ್ನಷ್ಟು ಹಟಮಾರಿ. ಮದುವೆಯಾದೊಡನೆ ಒಕ್ಕದ ಹೆಸರು ಬದಲಾಗುವುದರಿಂದ ಅವರ ತಾಮನೆ (ತವರುಮನೆ) ಯಾವುದೆಂಬುದು ಎರಡು ತಲೆಮಾರಿನಲ್ಲಿ ಮರೆತುಹೋಗುತ್ತದೆ. ‘ಇಂಥವರ ಹೆಂಡತಿ’ ಎಂಬ ಒಂದೇ ಮಾತಿಗೆ ನಾನು ಪುಸ್ತಕ ಮುಚ್ಚುವುದಿಲ್ಲ.

ಕಾಗದಗಳ ವಿಷಯದಲ್ಲಿ ಒಂದು ಸಂಗತಿ ಎಲ್ಲರಿಗೂ ಅಚ್ಚರಿ ತರುತ್ತದೆ. ಇನ್ನೂರು ವರ್ಷ ಹಳೆಯ ಸನದಿನ ಕೈಕಾಗದ ಇಂದಿಗೂ ಬಟ್ಟೆಯಂತೆ ಮೆದುವಾಗಿ ಮಡಚುತ್ತದೆ. 1940ರ ದಶಕದ ಪತ್ರ ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಮರದ ತಿರುಳಿನಿಂದ ಮಾಡಿದ ಗಿರಣಿ ಕಾಗದದಲ್ಲಿ ಆಮ್ಲ ಉಳಿದುಕೊಂಡು ಒಳಗಿನಿಂದಲೇ ಅದನ್ನು ತಿನ್ನುವುದೇ ಇದಕ್ಕೆ ಕಾರಣ. ಹಾಗಾಗಿ ಮೊದಲು ಪ್ರತಿ ತೆಗೆಯಬೇಕಾದದ್ದು ಅಜ್ಜನ ಪತ್ರಗಳನ್ನು, ಬಳಿಕ ಸನದನ್ನು. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ ಎಂದು ಹೋದಲ್ಲೆಲ್ಲ ಕೈಮುಗಿದು ಕೇಳುತ್ತೇನೆ, ಏಕೆಂದರೆ ಟೇಪಿನ ಅಂಟು ಮಾಡುವ ಕಂದು ಕಲೆ ಅಕ್ಷರವನ್ನು ನುಂಗಿದ ಮೇಲೆ ಅದನ್ನು ತೆಗೆಯುವುದು ನಮ್ಮಂಥವರಿಂದ ಆಗದ ಕೆಲಸ. ಗಂಜಿ ತೊಳೆದು ತೆಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಇಟ್ಟರೆ ಕೊಡಗಿನ ಬೂಷ್ಟಿಗೂ ಗೆದ್ದಲಿಗೂ ಬಹುಪಾಲು ತಡೆ ಸಿಗುತ್ತದೆ.

ಇನ್ನು ವೀರಗಲ್ಲುಗಳು. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಮಾಲೆಯ ಮೊದಲ ಸಂಪುಟವನ್ನು ಕೊಡಗಿನ ಶಾಸನಗಳಿಗೇ ಮೀಸಲಿಟ್ಟದ್ದರಿಂದ ಅಕ್ಷರವಿರುವ ಅನೇಕ ಕಲ್ಲುಗಳಿಗೆ ದಾಖಲೆಯ ಆಸರೆ ಸಿಕ್ಕಿತು. ಅಕ್ಷರವಿಲ್ಲದೆ ಶಿಲ್ಪವಷ್ಟೇ ಇರುವ ಕಲ್ಲುಗಳು ತೋಟದ ಬೇಲಿಯಲ್ಲಿ, ಕೆರೆಯ ಏರಿಯಲ್ಲಿ ಅನಾಥವಾಗಿ ನಿಂತಿವೆ. ಸೋಮವಾರಪೇಟೆ ಕಡೆಯ ಇಂಥ ಕಲ್ಲುಗಳನ್ನು ನಾವು ಇದ್ದಲ್ಲೇ ಅಳೆದು, ಜಾಗ ಗುರುತಿಸಿ, ಚಿತ್ರ ತೆಗೆಯುತ್ತೇವೆ. ನಡುಮಧ್ಯಾಹ್ನ ಕಲ್ಲು ಬರಿಯ ಬೂದು ಹಲಗೆ. ಸಂಜೆಯ ಓರೆಬಿಸಿಲು ಒಂದು ಮಗ್ಗುಲಿನಿಂದ ಬಿದ್ದಾಗ ಬಿಲ್ಲಿನ ಹೆದೆ, ಕುದುರೆಯ ಕಾಲು, ಮೇಲಿನ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು ಎದ್ದು ಕಾಣುತ್ತಾರೆ. ಬಿಸಿಲಿಲ್ಲದಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದರೂ ನಡೆಯುತ್ತದೆ. ಹಾವಸೆಯನ್ನು ತಂತಿಬ್ರಷ್‌ನಿಂದಾಗಲಿ ಆಮ್ಲದಿಂದಾಗಲಿ ಕೆರೆಯಬಾರದು. ಭಕ್ತಿಯಿಂದ ಬಳಿಯುವ ಎನಾಮೆಲ್ ಬಣ್ಣವೂ ಕಲ್ಲಿಗೆ ಶತ್ರುವೇ, ಒಳಗೆ ಸಿಕ್ಕಿಕೊಂಡ ತೇವ ಹೊರಬರಲಾರದೆ ಮೇಲ್ಪದರವನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಪೂಜೆ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಹೂವಿಟ್ಟು, ದೀಪವನ್ನು ಒಂದು ಮಾರು ಈಚೆಗೆ ಹಚ್ಚಿ ಎಂದರೆ ಜನ ಒಪ್ಪುತ್ತಾರೆ.

ಸನದೂ ಆಲ್ಬಮ್ಮೂ ಇಲ್ಲದ ಮನೆಗಳೇ ಕೊಡಗಿನಲ್ಲಿ ಹೆಚ್ಚು. ಆದಿವಾಸಿಗಳಾದ ಯರವರ ಹಾಡಿಗಳಲ್ಲಿ (ವಸತಿಗಳಲ್ಲಿ), ಜೇನುಕುರುಬರಲ್ಲಿ, ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಇತಿಹಾಸ ಇರುವುದು ಮಾತಿನಲ್ಲಿ, ಹಾಡಿನಲ್ಲಿ. ಈಗ ನಾವು ಅದನ್ನು ಧ್ವನಿಮುದ್ರಿಸತೊಡಗಿದ್ದು, ಹಾಡಿದವರ ಒಪ್ಪಿಗೆಯನ್ನು ಅವರದೇ ಮಾತಿನಲ್ಲಿ ಆರಂಭದಲ್ಲೇ ದಾಖಲಿಸಿ, ಮೊದಲ ಪ್ರತಿಯನ್ನು ಅವರ ಮನೆಯ ಮೊಬೈಲಿಗೇ ಹಾಕಿಕೊಡುತ್ತೇವೆ. ಯಾವುದನ್ನು ಸಾರ್ವಜನಿಕವಾಗಿ ಕೇಳಿಸಬಹುದು, ಯಾವುದು ಹಾಡಿಯೊಳಗೇ ಉಳಿಯಬೇಕು ಎಂಬುದನ್ನು ಅಲ್ಲಿನ ಹಿರಿಯರು ಹೇಳುತ್ತಾರೆ. ಅದರಂತೆಯೇ ಪಟ್ಟಿ ಬೇರೆ ಮಾಡಿ ಇಡುತ್ತೇವೆ.