ಒಂದೇ ಶುಲ್ಕ, ಎರಡು ಕೂಟ: ರೋಬೊ ಸ್ಪರ್ಧೆಯನ್ನು ಡಿಸ್ಟ್ರಿಕ್ಟ್ ಪದ್ಧತಿಗೆ ತರುವುದು ಹೇಗೆ?

ಹೋಬಳಿ, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುವ ಶಾಲಾ ಕ್ರೀಡಾಕೂಟ ನಮಗೆ ಹೊಸದಲ್ಲ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಹೈಸ್ಕೂಲು ಮಕ್ಕಳ ಫಸ್ಟ್ ರೋಬೊಟಿಕ್ಸ್ ಕಾಂಪಿಟಿಷನ್‌ಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಆರ್‌ಸಿಗೆ, ಬಹುಕಾಲ ಇಂಥ ಮೆಟ್ಟಿಲುಗಳಿರಲಿಲ್ಲ. ದೊಡ್ಡ ಊರಿನ ದೊಡ್ಡ ಸಭಾಂಗಣದಲ್ಲಿ ಒಂದು ರೀಜನಲ್ ನಡೆಯುತ್ತಿತ್ತು. ಗೆದ್ದವರು ನೇರವಾಗಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತಿದ್ದರು, ಉಳಿದವರ ರೋಬೊ ಮೂಲೆ ಸೇರುತ್ತಿತ್ತು. 2009ರಲ್ಲಿ ಮಿಷಿಗನ್ ಈ ಪದ್ಧತಿಯನ್ನು ಮುರಿದು, ಮೆಟ್ಟಿಲು ಮೆಟ್ಟಿಲಾಗಿ ಏರುವ ಡಿಸ್ಟ್ರಿಕ್ಟ್ ಪದ್ಧತಿ ತಂದಿತು. 2012ರಲ್ಲಿ ಮಿಡ್-ಅಟ್ಲಾಂಟಿಕ್, 2014ರಲ್ಲಿ ನ್ಯೂ ಇಂಗ್ಲೆಂಡ್ ಮತ್ತು ಪೆಸಿಫಿಕ್ ನಾರ್ತ್‌ವೆಸ್ಟ್, 2019ರಲ್ಲಿ ಟೆಕ್ಸಸ್, 2026ರಲ್ಲಿ ಕ್ಯಾಲಿಫೋರ್ನಿಯಾ ಅದೇ ದಾರಿ ಹಿಡಿದವು. ಡೆಟ್ರಾಯಿಟ್, ಡಲ್ಲಾಸ್, ಬೇ ಏರಿಯಾ ಸುತ್ತಮುತ್ತ ಕನ್ನಡ ಕುಟುಂಬಗಳು ಸಾಕಷ್ಟಿವೆ. ಮಗುವನ್ನು ಬಿಡಲು ಬಂದು ಸ್ವಯಂಸೇವಕರಾಗಿ ನಿಲ್ಲುವ ಪೋಷಕರಿಗೆ ಮುಂದಿನ ವಿವರಗಳು ನೇರವಾಗಿ ಕೆಲಸಕ್ಕೆ ಬರುತ್ತವೆ.

ಬದಲಾಗುವುದು ಇಷ್ಟು. ರೀಜನಲ್‌ನಲ್ಲಿ ನೋಂದಣಿ ಶುಲ್ಕಕ್ಕೆ ಒಂದು ಕೂಟ ಸಿಗುತ್ತದೆ, ಡಿಸ್ಟ್ರಿಕ್ಟ್‌ನಲ್ಲಿ ಎರಡು. ಪ್ರತಿ ಕೂಟದಲ್ಲೂ ಒಂದು ತಂಡಕ್ಕೆ 12 ಅರ್ಹತಾ ಪಂದ್ಯ ಖಾತ್ರಿ. ಎರಡರಲ್ಲಿ ಗಳಿಸಿದ ಅಂಕ ಕೂಡಿಸಿ ಡಿಸ್ಟ್ರಿಕ್ಟ್ ಚಾಂಪಿಯನ್‌ಷಿಪ್, ಅಲ್ಲಿಂದ ವಿಶ್ವ ಚಾಂಪಿಯನ್‌ಷಿಪ್. ಮೊದಲ ಕೂಟದಲ್ಲಿ ರೋಬೊದ ತೋಳು ಮುರಿದರೆ ರಿಪೇರಿ ಮಾಡಿಕೊಂಡು ಮತ್ತೆ ಆಡುವ ಅವಕಾಶ ಮಗುವಿಗಿದೆ. ಇಷ್ಟೆಲ್ಲ ಶ್ರಮ ಪಡುವುದು ಇದಕ್ಕೋಸ್ಕರವೇ.

ಮೊದಲು ಕೂಟಗಳ ಲೆಕ್ಕ

ತಂಡಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಒಂದು ಕೂಟಕ್ಕೆ 36 ತಂಡ ಎಂದುಕೊಂಡು 36ರಿಂದ ಭಾಗಿಸಿ. 100 ತಂಡಗಳಿದ್ದರೆ 200 ಸ್ಥಾನ ಬೇಕು. ಐದೂವರೆ ಅಂದರೆ ಆರು ಕೂಟ. ಆರಕ್ಕೆ 216 ಸ್ಥಾನ ಸಿಗುತ್ತದೆ. ಮಿಕ್ಕ 16 ಸ್ಥಾನಗಳನ್ನು ಉಳಿಕೆ ಎಂದು ಕತ್ತರಿಸಬೇಡಿ. ತಡವಾಗಿ ಸೇರುವ ಹೊಸ ಶಾಲೆಗೆ, ಹಿಮ ಬಿದ್ದು ಒಂದು ಕೂಟ ತಪ್ಪಿಸಿಕೊಂಡ ತಂಡಕ್ಕೆ ಅವೇ ಆಸರೆ.

ಆಮೇಲೆ ನಕ್ಷೆ ಹರಡಿ. ಒಂದು ತಂಡದ ಎರಡು ಕೂಟಗಳ ನಡುವೆ ಕನಿಷ್ಠ ಒಂದು ಖಾಲಿ ವಾರ ಇರಬೇಕು, ಇಲ್ಲವಾದರೆ ರಿಪೇರಿಗೆ ಸಮಯವೇ ಸಿಗುವುದಿಲ್ಲ. ದೂರದ ತಂಡಗಳನ್ನು ಮರೆತರೆ ಪದ್ಧತಿಯ ಅರ್ಥವೇ ಹೋಗುತ್ತದೆ. ಮಿಷಿಗನ್‌ನ ಉತ್ತರ ತುದಿಯ ಅಪ್ಪರ್ ಪೆನಿನ್ಸುಲಾ ಮಕ್ಕಳು ಪ್ರತಿ ಬಾರಿ ಸೇತುವೆ ದಾಟಿ ದಕ್ಷಿಣಕ್ಕೆ ಬರಬಾರದೆಂದೇ ಎಸ್ಕನಾಬಾ ಪಟ್ಟಣದಲ್ಲೂ ಕೂಟ ಇಡುತ್ತಾರೆ. ಒಂದೇ ವಾರ ಎರಡು ಊರಲ್ಲಿ ಕೂಟವಿದ್ದರೆ ಎರಡು ಪೂರ್ಣ ಫೀಲ್ಡ್ ಸೆಟ್, ಅಂದರೆ ರೋಬೊ ಆಡುವ ಅಂಗಳದ ಸಾಮಗ್ರಿ ಬೇಕು. ಈ ಖರ್ಚನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ.

ಜಿಮ್ ನೋಡುವಾಗ ಟೇಪು ಹಿಡಿದು ಹೋಗಿ

ಡಿಸ್ಟ್ರಿಕ್ಟ್ ಕೂಟ ಅಗ್ಗವಾಗುವುದು ಬಾಡಿಗೆ ಅರೀನಾ ಬಿಟ್ಟು ಹೈಸ್ಕೂಲು ಜಿಮ್‌ಗೆ ಬರುವುದರಿಂದ. ಫೀಲ್ಡ್ ಸುಮಾರು 54 ಅಡಿ ಉದ್ದ, 27 ಅಡಿ ಅಗಲ. 84 ಅಡಿಗೆ 50 ಅಡಿಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಕೂರುತ್ತದೆ. ಆದರೆ ಎರಡೂ ತುದಿಯಲ್ಲಿ ಚಾಲಕರು ನಿಲ್ಲಬೇಕು, ಒಂದು ಬದಿಗೆ ಸ್ಕೋರ್ ಮೇಜು ಬರಬೇಕು, ರೋಬೊ ಗಾಡಿಗಳು ಸಾಲು ನಿಲ್ಲಬೇಕು. ಗ್ಯಾಲರಿ ಪೂರ್ತಿ ಎಳೆದ ಮೇಲೆ ಅಳೆಯಿರಿ. ಮಡಿಸಿಟ್ಟಾಗ ಅಳೆದ ಜಾಗ ಕೂಟದ ದಿನ ಇರುವುದಿಲ್ಲ. ಮರದ ನೆಲದ ಮೇಲೆ ರಕ್ಷಣಾ ಹಾಸು, ಅದರ ಮೇಲೆ ಕಾರ್ಪೆಟ್. ಲಾರಿ ಇಳಿಸುವ ಕಟ್ಟೆ ಇಲ್ಲದಿದ್ದರೆ ಫೋರ್ಕ್‌ಲಿಫ್ಟ್ ಗೊತ್ತು ಮಾಡಿ.

ಹೆಚ್ಚು ಜನ ಎಡವುವುದು ಕರೆಂಟಿನಲ್ಲಿ. ಪ್ರತಿ ತಂಡವೂ 12 ವೋಲ್ಟಿನ 18 ಆಂಪಿಯರ್-ಅವರ್ ಬ್ಯಾಟರಿಗಳನ್ನು ಸದಾ ಚಾರ್ಜಿಗೆ ಇಟ್ಟಿರುತ್ತದೆ. 6 ಆಂಪಿಯರಿನ ಮೂರು ಚಾರ್ಜರ್ ಒಟ್ಟಿಗೆ ನಡೆದರೆ 120 ವೋಲ್ಟಿನ ಪ್ಲಗ್‌ನಿಂದ ಎರಡರಿಂದ ಮೂರು ಆಂಪಿಯರ್ ಎಳೆಯುತ್ತವೆ. ಲ್ಯಾಪ್‌ಟಾಪ್, ಡ್ರಿಲ್, ಗರಗಸ ಬೇರೆ. 20 ಆಂಪಿಯರಿನ ಒಂದು ಸರ್ಕ್ಯೂಟಿಗೆ ನಾಲ್ಕು ಪಿಟ್‌ಗಿಂತ (ತಂಡ ರೋಬೊ ರಿಪೇರಿ ಮಾಡಿಕೊಳ್ಳುವ ಜಾಗ) ಹೆಚ್ಚು ಕೊಡಬೇಡಿ. ಊಟದ ಹೊತ್ತಿಗೆ ಬ್ರೇಕರ್ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಧ್ಯಾಹ್ನದ ಪಂದ್ಯದಲ್ಲಿ ಸಾಲುಸಾಲಾಗಿ ರೋಬೊಗಳು ನಡುವೆಯೇ ನಿಂತಾಗ ತಿಳಿಯುತ್ತದೆ. ಯಾವ ಪ್ಲಗ್ ಯಾವ ಬ್ರೇಕರಿಗೆ ಸೇರಿದೆ ಎಂದು ಶಾಲೆಯ ಎಲೆಕ್ಟ್ರಿಷಿಯನ್ ಜೊತೆ ತಿಂಗಳ ಮೊದಲೇ ಗುರುತು ಹಾಕಿ. ಜಿಮ್ ಪಕ್ಕದ ಶಾಲಾ ವೈ-ಫೈ ಆರಿಸಲು ಐಟಿ ವಿಭಾಗದಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕೀಲಿ ಇರುವ ವ್ಯಕ್ತಿ ಶನಿವಾರ ಬೆಳಿಗ್ಗೆ ಫೋನ್ ಎತ್ತುತ್ತಾರೆಯೇ ಎಂಬುದನ್ನೂ ಕೇಳಿಡಿ.

ಏಳು ನಿಮಿಷದ ಸುತ್ತು

ಒಂದು ಪಂದ್ಯದಲ್ಲಿ ಮೂರು ಮೂರು ರೋಬೊಗಳ ಎರಡು ಅಲಯನ್ಸ್, ಒಟ್ಟು ಆರು ತಂಡ. ಕೂಟಕ್ಕೆ 36ರ ಬದಲು 40 ತಂಡ ಬಂದವು ಎನ್ನಿ: 40 ತಂಡ ಗುಣಿಸು 12 ಭಾಗಿಸು 6, ಅಂದರೆ 80 ಪಂದ್ಯ. ಏಳು ನಿಮಿಷಕ್ಕೊಂದರಂತೆ 560 ನಿಮಿಷ, ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಸುತ್ತು ಎಂಟು ನಿಮಿಷಕ್ಕೆ ಜಾರಿದರೆ 80 ನಿಮಿಷ ತಡ. ಶನಿವಾರದ ಫೈನಲ್ ರಾತ್ರಿಗೆ ಹೋಗುತ್ತದೆ, ದೂರದ ತಂಡಗಳ ಬಸ್ಸು ಕಾಯುತ್ತ ನಿಲ್ಲುತ್ತದೆ.

ಆಟ ಸುಮಾರು ಎರಡೂವರೆ ನಿಮಿಷ ಮಾತ್ರ. ಉಳಿದ ನಾಲ್ಕೂವರೆ ನಿಮಿಷದಲ್ಲಿ ರೆಫರಿ ಅಂಕ ಒಪ್ಪಬೇಕು, ಆರು ರೋಬೊ ಹೊರಗೆ, ಆರು ಒಳಗೆ, ಆಟದ ಸಾಮಗ್ರಿ ಜಾಗಕ್ಕೆ, ರೇಡಿಯೊ ಸಂಪರ್ಕ. ಕೊನೆಯದರಲ್ಲೇ ತೊಡಕು. ರೋಬೊ ಆನ್ ಮಾಡಿದ ಕೂಡಲೇ ಸಂಪರ್ಕಕ್ಕೆ ಬರುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಹಾಗಾಗಿ ಫೀಲ್ಡಿಗೆ ಇಟ್ಟ ತಕ್ಷಣ ಸ್ವಿಚ್ ಹಾಕಿಸಿ, ಬಂಪರ್ ಸರಿಮಾಡುವುದು ಆಮೇಲೆ. ಎರಡು ಪಂದ್ಯ ಮುಂಚಿತವಾಗಿ ತಂಡಗಳನ್ನು ಸಾಲಿಗೆ ಕರೆತರಲು ನಾಲ್ಕು ಚುರುಕಿನ ಜನ ಸಾಕು.

ಜನ ಮೊದಲು, ಲಾರಿ ಆಮೇಲೆ

ಕೂಟ ದುಪ್ಪಟ್ಟಾದರೆ ಸ್ವಯಂಸೇವಕರೂ ದುಪ್ಪಟ್ಟು ಬೇಕು. ಊಟ ಬಡಿಸಲು, ಬಾಗಿಲು ಕಾಯಲು ಪೋಷಕರು ಸಿಗುತ್ತಾರೆ. ಸಿಗದಿರುವುದು ಐದು ಹುದ್ದೆಗೆ: ಫೀಲ್ಡಿನ ತಾಂತ್ರಿಕ ಸಲಹೆಗಾರ, ಮುಖ್ಯ ರೆಫರಿ, ಮುಖ್ಯ ರೋಬೊ ತಪಾಸಕ, ಸ್ಕೋರ್‌ಕೀಪರ್, ತೀರ್ಪುಗಾರರ ಸಲಹೆಗಾರ. ಇವರನ್ನು ಒಂದು ವಾರಾಂತ್ಯದಲ್ಲಿ ತಯಾರು ಮಾಡಲಾಗದು. ಬದಲಾವಣೆಗೆ ಎರಡು ಸೀಸನ್ ಮೊದಲೇ ಪ್ರತಿ ಹುದ್ದೆಯ ಅನುಭವಿಯ ಪಕ್ಕ ಒಬ್ಬ ಕಲಿಯುವವರನ್ನು ನಿಲ್ಲಿಸಿ. ಆರು ಕೂಟಕ್ಕೆ ಒಬ್ಬರೇ ಮುಖ್ಯ ರೆಫರಿ ಓಡಾಡಿದರೆ ನಾಲ್ಕನೇ ವಾರಕ್ಕೆ ದಣಿಯುತ್ತಾರೆ. ತಪ್ಪು ತೀರ್ಪಿನ ನೋವು ಮಕ್ಕಳಿಗೆ. ನಮ್ಮ ಮಟ್ಟಿಗೆ, ಈ ಐವರ ಪಟ್ಟಿ ತುಂಬದೆ ದಿನಾಂಕ ಘೋಷಿಸಲೇಬಾರದು.

ಅಂಕ ಹೇಗೆ ಕೂಡುತ್ತದೆ

ಅರ್ಹತಾ ಪಂದ್ಯಗಳ ಸ್ಥಾನಕ್ಕೆ 4ರಿಂದ 22 ಅಂಕ. ಆಮೇಲೆ ಮೇಲಿನ ಸ್ಥಾನದ ತಂಡಗಳು ನಾಯಕರಾಗಿ, ಎರಡು ಸುತ್ತಿನಲ್ಲಿ ಜೊತೆಗಾರರನ್ನು ಆಯ್ದುಕೊಂಡು, ಪ್ಲೇಆಫ್ ಎಂಬ ಅಂತಿಮ ಹಂತಕ್ಕೆ ಎಂಟು ಅಲಯನ್ಸ್ ಕಟ್ಟುತ್ತವೆ. ಅಲಯನ್ಸ್ ನಾಯಕರಿಗೆ 17ರಿಂದ ಅಲಯನ್ಸ್ ಸಂಖ್ಯೆ ಕಳೆದಷ್ಟು; ಆಯ್ಕೆಯಾದ ತಂಡಕ್ಕೆ 17ರಿಂದ ಆಯ್ಕೆಯ ಕ್ರಮಸಂಖ್ಯೆ ಕಳೆದಷ್ಟು. ಪ್ಲೇಆಫ್‌ಗೆ ಗರಿಷ್ಠ 30, ಪ್ರಶಸ್ತಿಗೆ 5ರಿಂದ 10. ಹೊಸ ತಂಡಕ್ಕೆ 10, ಎರಡನೇ ವರ್ಷದವರಿಗೆ 5 ಹೆಚ್ಚುವರಿ.

36 ತಂಡಗಳಲ್ಲಿ 18ನೇ ಸ್ಥಾನ ಪಡೆದ ತಂಡ ಎಂದುಕೊಳ್ಳಿ. ಸ್ಥಾನಕ್ಕೆ 13. ಎರಡನೇ ಸುತ್ತಿನಲ್ಲಿ ಆಯ್ಕೆ ಎಂಟನೇ ಅಲಯನ್ಸ್‌ನಿಂದ ಹಿಂದಕ್ಕೆ ಬರುತ್ತದೆ. ಐದನೇ ಅಲಯನ್ಸ್ ಕರೆದರೆ ಅದು 12ನೇ ಆಯ್ಕೆ, 5 ಅಂಕ. ಪ್ಲೇಆಫ್‌ನಲ್ಲಿ ಬೇಗ ಸೋತರೂ ಒಂದು ವಿನ್ಯಾಸ ಪ್ರಶಸ್ತಿ ಸಿಕ್ಕರೆ 5. ಒಟ್ಟು 23. ಒಂದು ಸೋಲಿಗೆ ಮನೆಗೆ ಹೋಗುವ ಮಾತಿಲ್ಲ. ಲೆಕ್ಕಕ್ಕೆ ಬರುವುದು ಸ್ವಂತ ಡಿಸ್ಟ್ರಿಕ್ಟ್‌ನ ಮೊದಲ ಎರಡು ಕೂಟ ಮಾತ್ರ. ಮೂರನೆಯದು ಅಭ್ಯಾಸಕ್ಕಷ್ಟೇ ಎಂದು ಪೋಷಕರಿಗೆ ದುಡ್ಡು ಕಟ್ಟುವ ಮೊದಲೇ ಹೇಳಿ. ಡಿಸ್ಟ್ರಿಕ್ಟ್ ಚಾಂಪಿಯನ್‌ಷಿಪ್‌ನಲ್ಲಿ ಗಳಿಸಿದ ಅಂಕಕ್ಕೆ ಮೂರು ಪಟ್ಟು ಬೆಲೆ. ಮಿಷಿಗನ್ ಇದನ್ನು ಸ್ಯಾಗಿನಾ ವ್ಯಾಲಿ ಸ್ಟೇಟ್ ಯುನಿವರ್ಸಿಟಿಯಲ್ಲಿ ನಾಲ್ಕು ಫೀಲ್ಡ್ ಹಾಕಿ, 40 ತಂಡಗಳ ನಾಲ್ಕು ವಿಭಾಗ ಮಾಡಿ ನಡೆಸುತ್ತದೆ.

ಶನಿವಾರ ಸಂಜೆ ಫೀಲ್ಡ್ ಬಿಚ್ಚುವ ಕೆಲಸಕ್ಕೆ ಹೊಸ ಜನರನ್ನು ಇಡಿ. ಬೆಳಿಗ್ಗೆಯಿಂದ ನಿಂತವರ ಕೈಯಲ್ಲಿ ಬೋಲ್ಟುಗಳು ತಪ್ಪು ಡಬ್ಬ ಸೇರುತ್ತವೆ. ಮುರಿದ ಪಾಲಿಕಾರ್ಬೊನೇಟ್ ಹಾಳೆ, ಸಡಿಲವಾದ ಎತರ್ನೆಟ್ ಕೇಬಲ್, ಕಾಣೆಯಾದ ಪಿನ್ನುಗಳನ್ನು ಒಂದು ಹಾಳೆಯಲ್ಲಿ ಬರೆದು ಲಾರಿ ಬಾಗಿಲಿನ ಒಳಬದಿಗೆ ಅಂಟಿಸಿ. ಮುಂದಿನ ಊರಿನವರು ಬಾಗಿಲು ತೆರೆದಾಗ ಮೊದಲು ಕಾಣಬೇಕಾದದ್ದು ಅದು.