ಬೂದು-ಬಿಳಿ ಎಲಿವೇಶನ್ ಸಾಕಾಗಿದ್ದರೆ: ಬಿಸಿಲೂರಿನಲ್ಲಿ ಮನೆಯ ಮುಂಭಾಗ ಮಾಡಿಸುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾವ ಊರಿನ ಹೊಸ ಲೇಔಟಿಗೆ ಹೋದರೂ ಮನೆಯ ಮುಂಭಾಗ ನೋಡಿಯೇ ಗೃಹಪ್ರವೇಶ ಯಾವ ಕಾಲದ್ದೆಂದು ಹೇಳಿಬಿಡಬಹುದು. ಗೋಡೆಗೆಲ್ಲ ಬಾತ್‌ರೂಮ್ ಟೈಲ್ಸ್ ಹಚ್ಚಿದ್ದು ಒಂದು ಪಾಳಿ. ದುಂಡು ಕಂಬ, ಅದರ ತಲೆಗೆ ರೋಮನ್ ಹೂಬಳ್ಳಿ ಇನ್ನೊಂದು. ಆಮೇಲೆ ನೀಲಿ ಗಾಜು, ಅಲ್ಯೂಮಿನಿಯಂ ಹೊದಿಕೆಯ ಎಸಿಪಿ ಶೀಟು. ಈಗಿನದು ಬೂದು-ಬಿಳಿ ಬಣ್ಣ, ನಡುವೆ ಕಟ್ಟಿಗೆ ಬಣ್ಣದ ಎಚ್‌ಪಿಎಲ್ (ಒತ್ತಿ ಮಾಡಿದ ಗಟ್ಟಿ ಲ್ಯಾಮಿನೇಟ್) ಪಟ್ಟಿ, ಬಾಲ್ಕನಿ ಮುಂದೆ ಸಾಲಾಗಿ ನಿಂತ ಚೌಕ ಪೈಪು, ಕಪ್ಪು ಫ್ರೇಮಿನ ಕಿಟಕಿ, ರಾತ್ರಿಗೆ ಗೆರೆ ಎಳೆದಂಥ ಪ್ರೊಫೈಲ್ ಲೈಟು. ಮೊದಲ ನಾಲ್ಕು ಮನೆಗೆ ಚೆಂದ ಕಂಡದ್ದು ನಲವತ್ತನೇ ಮನೆಗೆ ಬರುವಷ್ಟರಲ್ಲಿ ಸಪ್ಪೆ.

ಪ್ಲಾನ್ ಕೈಗೆ ಬರುವ ಮೊದಲು ಒಂದು ಸಂಜೆ ನಿಮ್ಮ ಬಡಾವಣೆಯಲ್ಲೇ ಅಡ್ಡಾಡಿ. ಎರಡು-ಮೂರು ವರ್ಷದೊಳಗೆ ಕಟ್ಟಿದ 20 ಮನೆ ಆರಿಸಿ, ಮುಂಭಾಗದಲ್ಲಿ ಏನೇನಿದೆ ಎಂದು ಬರೆದುಕೊಳ್ಳಿ. ಏಳೆಂಟು ಮನೆಗಳಲ್ಲಿ ಮರುಕಳಿಸಿದ ಅಂಶಕ್ಕೆ ಗುರುತು ಹಾಕಿ. ನಿಮ್ಮ ಮನೆ ಮುಗಿಯಲು ಇನ್ನೂ ಒಂದೂವರೆ ವರ್ಷ ಬೇಕು, ಅಷ್ಟರಲ್ಲಿ ಅದು ಹಳೇ ಫ್ಯಾಶನ್ನೇ. ಹಾಗಂತ ಅದನ್ನು ಮುಟ್ಟಲೇಬಾರದು ಎಂದಲ್ಲ, ಎಲ್ಲಿ ಹಾಕುತ್ತೀರಿ ಎನ್ನುವುದು ಮುಖ್ಯ. ಕಾಂಕ್ರೀಟಿನಲ್ಲಿ ಹಾಕಿದ ಫ್ಯಾಶನ್ನನ್ನು ಮೊಮ್ಮಕ್ಕಳೂ ಹೊರಬೇಕು. ಬಣ್ಣ, ದೀಪ, ಗೇಟಿನ ಹಿಡಿಕೆಯಲ್ಲಿದ್ದರೆ ಒಂದು ಭಾನುವಾರದಲ್ಲಿ ಬದಲಾಯಿಸಬಹುದು. ಹೊದಿಕೆ ಶೀಟು, ಟೈಲ್ಸ್, ಫಾಲ್ಸ್ ಸೀಲಿಂಗ್ ಇವೆರಡರ ನಡುವಿನವು: ಕಿತ್ತರೆ ಗೋಡೆಗೆ ಗಾಯವಾಗುತ್ತದೆ, ಆದರೂ ಕೀಳಬಹುದು.

ಹೆಚ್ಚು ಮಂದಿ ಕೈಸುಟ್ಟುಕೊಳ್ಳುವುದು ಕಿಟಕಿಯಲ್ಲಿ. ನೆಲದಿಂದ ಮಾಳಿಗೆವರೆಗೂ ಗಾಜು, ಅದಕ್ಕೆ ಸಜ್ಜ ಇಲ್ಲ, ಯಾಕೆಂದರೆ ಸಜ್ಜ ಇದ್ದರೆ 'ಮಾಡರ್ನ್ ಲುಕ್' ಹೋಗುತ್ತದಂತೆ. ಈ ಮೂರೂ ಊರು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದ ಹೊತ್ತಿಗೆ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದಾಗಲೂ ಮಧ್ಯಾಹ್ನ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಹೀಗಾಗಿ ದಕ್ಷಿಣದ ಕಿಟಕಿಗೆ 2 ಅಡಿ ಸಜ್ಜ ಧಾರಾಳ ಸಾಕು: ಮಾರ್ಚಿನ ಮಧ್ಯಾಹ್ನ ಅದು 7 ಅಡಿ ಕೆಳಗಿನವರೆಗೂ ನೆರಳು ಚಾಚುತ್ತದೆ, ಚಳಿಗಾಲದಲ್ಲಿ ಎರಡೂವರೆ ಅಡಿ. ಪಶ್ಚಿಮದ ಲೆಕ್ಕ ಬೇರೆ. ಏಪ್ರಿಲ್‌ನಲ್ಲಿ ಸಂಜೆ 4ರ ಹೊತ್ತಿಗೆ ಸೂರ್ಯ 35 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಅದೇ 2 ಅಡಿ ಸಜ್ಜದ ನೆರಳು ಆಗ ಒಂದೂವರೆ ಅಡಿಯೂ ದಾಟದು, ಆಮೇಲೆ ಇನ್ನೂ ಕಡಿಮೆ. ಸಾದಾ 6 ಮಿ.ಮೀ. ಗಾಜು ಬಿಸಿಲಿನ ಶಾಖದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಒಳಗೆ ಬಿಡುತ್ತದೆ. ಒಳಗಿನ ಪರದೆ ಎಳೆದರೆ ಕಣ್ಣಿಗೆ ತಂಪು, ಕೋಣೆಗಲ್ಲ. ಶಾಖ ಆಗಲೇ ಒಳಗೆ ಬಂದಾಗಿರುತ್ತದೆ.

ಆದ್ದರಿಂದ ಸೈಟು ಪಶ್ಚಿಮಕ್ಕೆ ಮುಖ ಮಾಡಿದ್ದರೆ ದೊಡ್ಡ ಗಾಜಿನ ಆಸೆ ಅಲ್ಲೇ ಬಿಡಿ. 3 ಅಡಿ ಅಗಲ, 4 ಅಡಿ ಎತ್ತರದ ಕಿಟಕಿ, ಅದಕ್ಕೆ ಹೊರಗಿನಿಂದ ನೆರಳು: ಬಿದಿರಿನ ತಟ್ಟಿ, ತೂತು ತೂತಿನ ಜಾಲಿ, ಇಲ್ಲವೇ ಎರಡು ಪಕ್ಕದಲ್ಲಿ ಗೋಡೆಯಿಂದ ಒಂದೂವರೆ ಅಡಿ ಮುಂದೆ ಬರುವ ನಿಂತ ಹಲಗೆ, ಅಂದರೆ ಫಿನ್. ದೊಡ್ಡ ಗಾಜು ಬೇಕೇ ಬೇಕೆಂದರೆ ಉತ್ತರಕ್ಕೆ ಇಡಿ. ಹಳೇ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ ಇಟ್ಟವರಿಗೆ ಗಾಜು ಸಿಗದೆ ಹಾಗೆ ಮಾಡಿದ್ದಲ್ಲ.

ಇನ್ನು ಎಂಜಿನಿಯರ್ ಕಳಿಸುವ ತ್ರೀಡಿ ಚಿತ್ರ. ಅದರಲ್ಲಿ ಆಕಾಶ ಸದಾ ನೀಲಿ, ರಸ್ತೆಯಲ್ಲಿ ಧೂಳಿಲ್ಲ, ಬಾಗಿಲಲ್ಲಿ ಯಾರದೋ ದುಬಾರಿ ಕಾರು. ಒಪ್ಪಿಗೆ ಕೊಡುವ ಮುಂಚೆ ಅದೇ ಚಿತ್ರದಲ್ಲಿ ಇವನ್ನೆಲ್ಲ ಹಾಕಿಸಿ: ನೀರಿನ ಟ್ಯಾಂಕು, ಸೋಲಾರ್ ಹೀಟರು, ಎಸಿಯ ಹೊರಗಿನ ಡಬ್ಬ, ಜೆಸ್ಕಾಂ ಮೀಟರು ಮತ್ತು ಕಂಬದಿಂದ ಬರುವ ತಂತಿ, ಮಾಳಿಗೆ ನೀರು ಇಳಿಸುವ 4 ಇಂಚಿನ ಪೈಪು, ಬಟ್ಟೆ ಒಣಹಾಕುವ ಹಗ್ಗ. ಬಹಳಷ್ಟು 'ಕ್ಲೀನ್' ಎಲಿವೇಶನ್ನು ಈ ಆರು ಸಾಮಾನು ಬಂದ ಕೂಡಲೇ ಕುಸಿದು ಬೀಳುತ್ತದೆ. ಕುಸಿಯಲಿ, ಕಾಗದದ ಮೇಲೆ ಕುಸಿದರೆ ಖರ್ಚಿಲ್ಲ. ಎಸಿ ಡಬ್ಬಕ್ಕೆ ಪಕ್ಕದ ಗೋಡೆಯಲ್ಲಿ ಜಾಗ, ಪೈಪಿಗೆ ಮೂಲೆ, ಮೀಟರಿಗೆ ಗೇಟಿನ ಕಂಬದಲ್ಲಿ ಗೂಡು, ಈಗಲೇ ಗುರುತು ಮಾಡಿಸಿ. ಇನ್ನೊಂದು ಮಾತು ಕೇಳಿ: ಚಿತ್ರವನ್ನು 30 ಅಡಿ ರಸ್ತೆಯ ಆಚೆ ಬದಿಯಿಂದ, ಐದೂವರೆ ಅಡಿ ಕಣ್ಣಳತೆಯಲ್ಲಿ ತೆಗೆಯಲು ಹೇಳಿ. ಸಾಮಾನ್ಯವಾಗಿ ಕ್ಯಾಮೆರಾವನ್ನು ಎದುರು ಮನೆಯ ಒಳಗೆ, ಮೊದಲ ಮಹಡಿ ಎತ್ತರದಲ್ಲಿ ಇಟ್ಟಿರುತ್ತಾರೆ. ಅಲ್ಲಿಂದ ನಿಮ್ಮ ಮನೆಯನ್ನು ನೋಡುವವರು ಯಾರೂ ಇಲ್ಲ.

ಚೌಕ ಪೈಪಿನ ಸಾಲು ಬೇಕೆಂದೇ ಹಟವಿದ್ದರೆ ಕನಿಷ್ಠ ಕೆಲಸ ಸರಿಯಾಗಿ ಮಾಡಿಸಿ. ಪೈಪಿನ ಎರಡೂ ತುದಿಗೆ ಮುಚ್ಚಳ ವೆಲ್ಡ್ ಆಗಬೇಕು. ತೆರೆದ ತುದಿಯಿಂದ ಮಳೆನೀರು ಇಳಿದು ಒಳಗಿನಿಂದ ತುಕ್ಕು ತಿನ್ನುತ್ತದೆ, ಎರಡನೇ ಮಳೆಗಾಲಕ್ಕೆ ಬಿಳಿ ಗೋಡೆ ಮೇಲೆ ಕೆಂಪು ಮೀಸೆ ಎಳೆದಂತಾಗುತ್ತದೆ. ಮುಚ್ಚಿದರೂ ಕೆಳತುದಿಯಲ್ಲಿ 6 ಮಿ.ಮೀ. ತೂತು ಇರಲಿ, ಒಳಗೆ ಬೆವರಿದ ನೀರು ಹೋಗಬೇಕು. ವೆಲ್ಡಿಂಗ್ ಜಾಗ ಉಜ್ಜಿ ಎಪಾಕ್ಸಿ ಜಿಂಕ್ ಪ್ರೈಮರ್, ಮೇಲೆ ಎರಡು ಕೋಟು ಪಿಯು (ಪಾಲಿಯುರೆಥೇನ್) ಪೇಂಟ್. ಬರೀ ರೆಡ್ ಆಕ್ಸೈಡ್ ಬಳಿದು ಕಟ್ಟಿಗೆ ಬಣ್ಣ ಹಚ್ಚಿದರೆ ನಮ್ಮ ಬಿಸಿಲಿಗೆ ಬೇಗ ಪುಡಿ ಏಳುತ್ತದೆ.

ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್. ಅಲ್ಯೂಮಿನಿಯಂ ಕಾದರೆ ಬೆಳೆಯುತ್ತದೆ. ಬೆಳಗ್ಗೆ 20 ಡಿಗ್ರಿ ಇದ್ದ 8 ಅಡಿ ಶೀಟು ಮಧ್ಯಾಹ್ನ 60 ಡಿಗ್ರಿ ಮುಟ್ಟಿದರೆ 2 ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಶೀಟು-ಶೀಟಿನ ನಡುವೆ 10 ಮಿ.ಮೀ. ಸಂದು ಬಿಟ್ಟು ಹೊರಾಂಗಣದ ಸಿಲಿಕೋನ್ ತುಂಬದಿದ್ದರೆ ಶೀಟು ಉಬ್ಬುವುದು ಇದಕ್ಕೇ. ಬಣ್ಣದ ಲೇಪ ಬಿಸಿಲು ತಾಳುವ ಪಿವಿಡಿಎಫ್ ಎಂದು ಬಿಲ್ಲಿನಲ್ಲೇ ಬರೆಸಿ. ಅಗ್ಗದ ಪಾಲಿಯೆಸ್ಟರ್ ಲೇಪ ಒಳಗಿನ ಕೆಲಸಕ್ಕೆ, ಬಿಸಿಲಿನಲ್ಲಿ ಬೇಗ ಬಿಳುಪೇರುತ್ತದೆ. ಬೆಂಕಿಯ ಮಾತೂ ಇದೆ: 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಅಲ್ಲಿ ಬೆಂಕಿ ಅಷ್ಟು ಬೇಗ ಮೇಲೇರಿದ್ದು ಪಾಲಿಎಥಿಲೀನ್ ತಿರುಳಿನ ಇಂಥ ಹೊದಿಕೆಯಿಂದಲೇ. ಮನೆಗೆ ಎಸಿಪಿ ಬೇಡವೇ ಬೇಡ. ಕೆಳಗೆ ಅಂಗಡಿ ಇದ್ದು ಬೋರ್ಡಿಗೆ ಹಾಕುವುದಿದ್ದರೂ ಬೇಗ ಬೆಂಕಿ ಹಿಡಿಯದ ಎಫ್‌ಆರ್ ದರ್ಜೆಯದನ್ನೇ ಕೇಳಿ. ಶೀಟಿನ ಹಿಂದಿನ ಸಂದಿಗೆ ಮೇಲೂ ಕೆಳಗೂ ಜಾಳಿಗೆ ಹೊಡೆಸಿ, ಇಲ್ಲವಾದರೆ ಪಾರಿವಾಳದ ಸಂಸಾರ.

ಎಚ್‌ಪಿಎಲ್‌ನದು ಸಣ್ಣ ತಕರಾರು: 6 ಮಿ.ಮೀ. ಹೊರಾಂಗಣ ದರ್ಜೆ ಇರಲಿ, ಶೀಟಿನ ತೂತು ಸ್ಕ್ರೂಗಿಂತ 2-3 ಮಿ.ಮೀ. ದೊಡ್ಡದಿರಲಿ. ಕಂಪ್ಯೂಟರ್ ಯಂತ್ರದಲ್ಲಿ ಕೊರೆಯುವ ಸಿಎನ್‌ಸಿ ಜಾಲಿಯನ್ನು ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿ ಹೊರಗೆ ಹಾಕಿದರೆ ಒಂದೇ ಮಳೆಗೆ ಬಿಸ್ಕತ್ತಿನಂತೆ ಉಬ್ಬುತ್ತದೆ. ಬದಲಿಗೆ 8 ಇಂಚು ಚೌಕದ ಸುಟ್ಟ ಮಣ್ಣಿನ ಜಾಲಿ ಬ್ಲಾಕು ಕಟ್ಟಿಸಿ. ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿಡಿ, 1:4 ಸಿಮೆಂಟ್-ಮರಳು, ದಿನಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಬೇಡ, ಒಳಬದಿಗೆ ಸ್ಟೀಲ್ ಸೊಳ್ಳೆ ಜಾಳಿಗೆ. ಒಣ ಬ್ಲಾಕು ಗಾರೆಯ ನೀರು ಹೀರಿ ಸಂದು ಪುಡಿಯಾಗುವುದು ಇಲ್ಲಿ ಮಾಮೂಲು. ಗೌಂಡಿ ನೆನೆಸಿದ್ದಾನೋ ಇಲ್ಲವೋ ಎಂದು ಬೆಳಗ್ಗೆ ನೀವೇ ಹೋಗಿ ನೋಡಿ.

ಬಣ್ಣಕ್ಕೆ ಬಂದರೆ, ಊರಿನ ಧೂಳು ನೋಡಿ ಆರಿಸಿ. ಬಳ್ಳಾರಿ-ಸಂಡೂರು ರಸ್ತೆಯ ಆಸುಪಾಸು ಅದಿರಿನ ಕೆಂಧೂಳು. ಅಲ್ಲಿ ಅಚ್ಚ ಬಿಳಿ ಆರು ತಿಂಗಳಲ್ಲಿ ಚಹಾ ಚೆಲ್ಲಿದಂತಾಗುತ್ತದೆ, ತಿಳಿ ಕಾವಿ ಅಥವಾ ಗೋಧಿ ಬಣ್ಣ ಆ ಧೂಳನ್ನು ನುಂಗಿಕೊಳ್ಳುತ್ತದೆ. ರಾಯಚೂರಿನ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆ ಬೂದಿ. ಎರೆಭೂಮಿಯ ನಡುವಿನ ಲೇಔಟಿನಲ್ಲಿ ಕರಿಧೂಳು. ಕಡು ಬೂದು ಬಣ್ಣವನ್ನು ಪಶ್ಚಿಮದ ಗೋಡೆಗಂತೂ ಹಚ್ಚಲೇಬೇಡಿ, ಅದು ಹೀರಿದ ಶಾಖ ರಾತ್ರಿ ನೀವು ಮಲಗುವ ಹೊತ್ತಿಗೆ ಒಳಗೆ ಬರುತ್ತದೆ. ಬಿಳಿ ಇರಬೇಕಾದ್ದು ಮಾಳಿಗೆ ಮೇಲೆ, ಅಲ್ಲಿ ಯಾರೂ ನೋಡುವುದಿಲ್ಲ ಎಂದು ಯಾರೂ ಹಚ್ಚುವುದಿಲ್ಲ. ಗೋಡೆಯಲ್ಲಿ ಅಡ್ಡ ಪಟ್ಟಿ, ಗ್ರೂವ್ ಕಡಿಮೆ ಇದ್ದಷ್ಟೂ ಧೂಳು ಕೂರುವ ಜಾಗ ಕಡಿಮೆ. ಸಜ್ಜದ ತಳದಲ್ಲಿ, ಅಂಚಿನಿಂದ 1 ಇಂಚು ಒಳಗೆ, ಅರ್ಧ ಇಂಚಿನ ಡ್ರಿಪ್ ಗ್ರೂವ್ ಮಾತ್ರ ತಪ್ಪದೆ ಹೊಡೆಸಿ. ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಗೆ ಇಳಿಯದು.

ಒಳಗಿನ ಪ್ರೊಫೈಲ್ ಲೈಟಿನ ಬಗ್ಗೆ ಒಂದೇ ಎಚ್ಚರಿಕೆ: ಅದಕ್ಕೆ ಕರೆಂಟು ಹೊಂದಿಸಿ ಕೊಡುವ ಡಬ್ಬವನ್ನು, ಅಂದರೆ ಡ್ರೈವರನ್ನು, ಸೀಲಿಂಗ್ ಒಳಗೆ ಹೂತುಬಿಡಬೇಡಿ, ಮೇ ತಿಂಗಳ ಶಾಖಕ್ಕೆ ಮೊದಲು ಸಾಯುವುದು ಅದೇ. ಕೈ ಹಾಕಲು 1 ಅಡಿ ಚೌಕದ ಮುಚ್ಚಳ ಇಡಿಸಿ. 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಒಂದೇ ತುದಿಯಿಂದ 5 ಮೀಟರಿಗಿಂತ ಉದ್ದ ಎಳೆದರೆ ಆ ಕಡೆ ಮಂಕಾಗುತ್ತದೆ.

'ಹಾಗಾದರೆ ಹಳೇ ಕಾಲದ ಶೈಲಿ ಮಾಡಿಸೋಣ' ಎನ್ನುವುದೂ ಈಗ ಟ್ರೆಂಡೇ. ಕಾಂಕ್ರೀಟ್ ಇಳಿಜಾರಿನ ಮೇಲೆ ಮಂಗಳೂರು ಹೆಂಚು ಅಂಟಿಸುವುದು ಕರಾವಳಿಯ ಮಳೆಗೆ ಹುಟ್ಟಿದ ಚಾವಣಿಯ ವೇಷ ಅಷ್ಟೇ. ಹತ್ತಿರದಲ್ಲೇ ಸಿಗುವುದನ್ನು ಕೆಲಸಕ್ಕೆ ಬರುವ ಜಾಗದಲ್ಲಿ ಇಡಿ: ಮುಂದಿನ ಕಟ್ಟೆಗೆ ಶಹಾಬಾದ್ ಕಲ್ಲು, ಮೆಟ್ಟಿಲಿಗೆ ಕುಷ್ಟಗಿ ಕಡೆಯ ಕೆಂಪು ಗ್ರಾನೈಟು, ಅದೂ ಪಾಲಿಶ್ ಇಲ್ಲದ್ದು, ಮಳೆಗೆ ಜಾರದಂತೆ. ಅಲಂಕಾರಕ್ಕೆ ಕಿನ್ನಾಳದ ಬಣ್ಣದ ಕಟ್ಟಿಗೆ ಕೆಲಸ ಬೇಕೆಂದರೆ ಒಳಗೆ ಪಡಸಾಲೆಯಲ್ಲಿಡಿ, ಹೊರಗಿನ ಬಿಸಿಲಿಗಲ್ಲ.

ಮನೆ ಆಗಲೇ ಕಟ್ಟಿಯಾಗಿದ್ದು ಬೇಸರ ಬಂದಿದ್ದರೆ ಮೊದಲು ಪೈಪು, ಪಟ್ಟಿ, ಶೀಟು ಬಿಚ್ಚಿಸಿ. ಫಾಸ್ಟೆನರ್‌ಗಳನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿಬಿಟ್ಟರೆ ಉಳಿದ ಚೂರು ತುಕ್ಕು ಹಿಡಿದು ಬಣ್ಣದಾಚೆ ಚುಕ್ಕಿಯಾಗಿ ಮೂಡುತ್ತದೆ, ಆದ್ದರಿಂದ ಪೂರ್ತಿ ಕೀಳಿಸಿ. ತೂತಿಗೆ ಪಾಲಿಮರ್ ಗಾರೆ ತುಂಬಿ, ಮೂರು ದಿನ ನೀರುಣಿಸಿ, ಒಣಗಿದ ಮೇಲೆ ಬಿಳಿ ಸಿಮೆಂಟಿನ ಪುಟ್ಟಿ, ಆಮೇಲೆ ಪ್ರೈಮರ್. ಪಶ್ಚಿಮದ ಗೋಡೆಗೆ ಬೆಳಗ್ಗೆ, ಪೂರ್ವದ್ದಕ್ಕೆ ಸಂಜೆ ಬಣ್ಣ ಹೊಡೆಸಿ. ಕಾದ ಗೋಡೆ ಮೇಲೆ ಬಣ್ಣ ಹಿಡಿಯುವ ಮುಂಚೆಯೇ ಒಣಗಿ ಆಮೇಲೆ ಹೊಪ್ಪಳೆ ಏಳುತ್ತದೆ. ತೇಪೆ ಹಾಕಿದಲ್ಲಿ ಮಾತ್ರ ಬಳಿದರೆ ಸಂಜೆಯ ಓರೆ ಬಿಸಿಲಿಗೆ ಪ್ರತಿ ತೇಪೆಯೂ ಎದ್ದು ಕಾಣುತ್ತದೆ. ಗೋಡೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಒಂದೇ ದಿನ, ಒಂದೇ ಬಕೆಟ್ಟಿನಲ್ಲಿ ಕಲಸಿದ ಬಣ್ಣದಲ್ಲಿ ಮುಗಿಸಬೇಕು.